ಮಾಕಳಿಯ ಮಳೆ ಬಾಟಲಿ

ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿದೆ. ಅದರಲ್ಲಿ ನಿಜವಾಗಿ ಹೊಲಸು ಅನ್ನಬಹುದಾದ ಕೆಲಸ ಒಂದನ್ನೇ ಮಾಡಿದ್ದು, ಅದಕ್ಕೆ ಎರಡು ಸಾಲು ಬರವಣಿಗೆ ಸಾಕಾಯಿತು. ನಿವೃತ್ತಿಯ ದಿನ ಹಾರ ಹಾಕಿ ‘ಇಂಥ ಪ್ರಾಮಾಣಿಕರು ಇನ್ನು ಸಿಗೋದಿಲ್ಲ’ ಎಂದು ಭಾಷಣ ಮಾಡಿದರಲ್ಲ, ಆಗ ಆ ಎರಡು ಸಾಲು ನೆನಪಾಗಿ ಕೊರಳೆಲ್ಲ ಕಡಿಯತೊಡಗಿತು. ಸೇವಂತಿಗೆ ಹಾರದೊಳಗೆ ಇರುವೆ ಇದ್ದವು ಅಂತ ಹೆಂಡತಿ ಆಮೇಲೆ ಹೇಳಿದಳು. ಇದ್ದಿರಬಹುದು.

ಎಪ್ಪತ್ತರ ದಶಕದ ಕೊನೆಯ ಮಾತು. ನೀರಿನ ಅಧ್ಯಯನ ಮಾಡುವ ಒಂದು ಕಚೇರಿಯಲ್ಲಿ ನಾನು ಕ್ಷೇತ್ರ ಸಹಾಯಕ, ಅದೂ ಹಂಗಾಮಿ. ಕೆಲಸ ಏನು ಅಂತ ಕೇಳಿದವರಿಗೆ ‘ಮಳೆ ಹಿಡಿಯೋದು’ ಎಂದರೆ ನಗುತ್ತಿದ್ದರು. ನಮ್ಮಪ್ಪ ಜಾಲಹಳ್ಳಿ ಕಡೆಯ ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. ಅವರಿಗಂತೂ ನನ್ನ ಉದ್ಯೋಗ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ‘ಬಿ.ಎಸ್ಸಿ. ಓದಿಸಿದ್ದು ಮಳೆ ನೀರು ಹೊರೋದಕ್ಕೇನಯ್ಯಾ?’ ಎಂದು ಊಟದ ಹೊತ್ತಿಗೇ ಶುರು ಮಾಡುತ್ತಿದ್ದರು.

ವಿಷಯ ಇಷ್ಟೇ. ದೊಡ್ಡ ದೊಡ್ಡ ದೇಶಗಳು ಅದಕ್ಕೂ ಹಿಂದೆ ಆಕಾಶದಲ್ಲಿ ಅಣುಬಾಂಬು ಸಿಡಿಸಿ ತಮ್ಮ ತಮ್ಮ ಗಂಡಸುತನ ಪರೀಕ್ಷೆ ಮಾಡಿಕೊಂಡಿದ್ದವು. ಅದರಿಂದ ಟ್ರಿಟಿಯಂ ಎಂಬುದು ಗಾಳಿ ಸೇರಿ, ನೀರಿನೊಳಗೆ ನೀರೇ ಆಗಿ, ಭೂಮಿಯ ಮೇಲಿನ ಎಲ್ಲ ಮಳೆಯಲ್ಲೂ ಇಳಿಯಿತು. ತೀರ ಚೂರು. ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು, ಯಂತ್ರಕ್ಕೆ ಮಾತ್ರ ತಿಳಿಯುತ್ತದೆ. ನೆಲದಡಿಯ ನೀರಿನಲ್ಲಿ ಆ ಗುರುತು ಸಿಕ್ಕರೆ ಅದು ಈಚಿನ ಮಳೆ ಇಂಗಿದ ನೀರು. ಸಿಗದಿದ್ದರೆ ಬಾಂಬುಗಳಿಗಿಂತ ಹಿಂದಿನದು, ತಾತನ ಕಾಲದ್ದೋ ಮುತ್ತಾತನ ಕಾಲದ್ದೋ. ಹೀಗೆ ನೀರಿನ ವಯಸ್ಸು ಹೇಳಬೇಕಾದರೆ ಮೊದಲು ಯಾವ ಜಾಗದ ಮಳೆಯಲ್ಲಿ ಆ ಗುರುತು ಎಷ್ಟು ಎಂಬ ನಕ್ಷೆ ಬೇಕು. ಅದಕ್ಕೆ ಬೆಂಗಳೂರಿನ ಸುತ್ತ ಅಲ್ಲಲ್ಲಿ ಮಳೆ ಡಬ್ಬ ಇಟ್ಟಿದ್ದೆವು. ಕಾಡುಗೋಡಿಯಲ್ಲಿ ರೈಲ್ವೆಯವರೊಬ್ಬರ ಹಿತ್ತಲಲ್ಲಿ ಒಂದು, ಪೀಣ್ಯದ ಶೆಡ್ಡೊಂದರ ತಾರಸಿಯ ಮೇಲೆ ಒಂದು, ಮಾಕಳಿಯಲ್ಲಿ ಒಂದು, ನೆಲಮಂಗಲದಲ್ಲಿ ಒಂದು. ತಿಂಗಳ ಕೊನೆಗೆ ಡಬ್ಬದ ನೀರು ಅಳೆದು, ಬಿಳಿ ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಚೀಟಿ ಅಂಟಿಸಿ ತರುವುದು ನನ್ನ ಕೆಲಸ. ಬಾಟಲಿಗಳು ದೂರದ ಊರಿನ ಪ್ರಯೋಗಾಲಯಕ್ಕೆ ಹೋಗಿ, ತಿಂಗಳುಗಟ್ಟಲೆ ಆದ ಮೇಲೆ ಲೆಕ್ಕ ಬರುತ್ತಿತ್ತು.

ಮಾಕಳಿಯ ಡಬ್ಬ ಇದ್ದದ್ದು ತುಮಕೂರು ರಸ್ತೆಯ ಅಂಚಿನಲ್ಲೇ, ಒಬ್ಬ ಒಕ್ಕಲು ಹೆಂಗಸಿನ ಅಂಗಳದಲ್ಲಿ. ಐವತ್ತರ ಆಸುಪಾಸು. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಬಾಯಿ ಜೋರು, ಕೈ ಅದಕ್ಕಿಂತ ಜೋರು. ಮನೆಯ ಹಿಂದೆ ಎರಡೆಕರೆ, ಅದರಲ್ಲಿ ದಂಟು, ಕೊತ್ತಂಬರಿ, ಕನಕಾಂಬರ. ಬೆಳಗ್ಗೆ ಮೊದಲನೇ ಬಸ್ಸಿಗೆ ಸೊಪ್ಪಿನ ಕಟ್ಟು ಪೇಟೆಗೆ ಹೋಗುತ್ತಿತ್ತು. ಇಷ್ಟಕ್ಕೂ ಆಧಾರ ಆಕೆಯ ಮಾವ ತೋಡಿಸಿದ ಬಾವಿ. ಬಾವಿ ಹೋದರೆ ಸೊಪ್ಪಿನ ಮಡಿ ಹೋಯಿತು, ಮಡಿ ಹೋದರೆ ಆಕೆಗೆ ಬೇರೆ ಏನೂ ಇರಲಿಲ್ಲ.

ಆ ಬಾವಿ ಇಳಿಯುತ್ತಿತ್ತು. ಬೇಲಿಯಾಚೆ ಹೊಸದಾಗಿ ಎದ್ದಿದ್ದ ಕಾರ್ಖಾನೆಯವರು ಮೂರು ಕೊಳವೆಬಾವಿ ಕೊರೆಸಿ ಹಗಲಿಡೀ ನೀರೆತ್ತುತ್ತಿದ್ದರು. ಊರವರು ಅರ್ಜಿ ಕೊಟ್ಟರು. ತಾಲ್ಲೂಕು ಕಚೇರಿಯಲ್ಲಿ ಕಾರ್ಖಾನೆಯ ಇಂಜಿನಿಯರು, ‘ನಮ್ಮದು ಬಂಡೆ ಕೆಳಗಿನ ಪುರಾತನ ನೀರು ಸಾರ್, ಇವರ ಬಾವಿಗೂ ಅದಕ್ಕೂ ಸಂಬಂಧವೇ ಇಲ್ಲ’ ಎಂದರಂತೆ. ಆಗ ಅಲ್ಲಿದ್ದ ನಮ್ಮ ಮೇಲಧಿಕಾರಿ, ‘ಸಂಬಂಧ ಇದೆಯೋ ಇಲ್ಲವೋ ಬಾಟಲಿ ಹೇಳುತ್ತೆ ಬಿಡಿ’ ಎಂದು ಬಂದರು. ಅಂದಿನಿಂದ ನಾನು ಮಾಕಳಿಯ ಮಳೆಯ ಜೊತೆಗೆ ಆಕೆಯ ಬಾವಿಯ ನೀರು, ಕಾರ್ಖಾನೆಯ ಕೊಳವೆಬಾವಿಯ ನೀರು ಎರಡನ್ನೂ ತರಬೇಕಾಯಿತು. ಕಾರ್ಖಾನೆಯ ನೀರಿನಲ್ಲೂ ಮಳೆಯ ಗುರುತು ಸಿಕ್ಕಿತೋ, ಪುರಾತನದ ಕತೆ ಮುಗಿಯಿತು.

ಇದನ್ನೆಲ್ಲ ಆಕೆಗೆ ವಿವರಿಸಿ ಹೇಳಿದವನು ನಾನೇ. ಆಕೆ ಸೊಪ್ಪು ಕಟ್ಟುತ್ತ ಕೇಳಿಸಿಕೊಂಡು, ‘ಯಾವೋನೋ ಎಲ್ಲೋ ಬಾಂಬ್ ಆಕುದ್ರೆ ನಮ್ ಬಾವಿಗ್ ಬತ್ತದಾ ಮೇಷ್ಟ್ರೇ?’ ಎಂದಳು. ಊರಲ್ಲಿ ಎಲ್ಲರಿಗೂ ನಾನು ಮಳೆ ಮೇಷ್ಟ್ರು.

‘ಬರುತ್ತಮ್ಮ. ಬಂದಿದ್ದು ಒಳ್ಳೇದೇ ಆಯ್ತು. ಅದೇ ನಿಮಗೆ ಸಾಕ್ಷಿ.’

‘ಕೆಟ್ಟ ನನ್ ಮಕ್ಳು ಮಾಡಿದ್ರಾಗೂ ಒಂದ್ ಒಳ್ಳೇದ್ ಐತೆ ಅನ್ನಿ’ ಎಂದು ನಕ್ಕಳು. ಆಮೇಲೆ ಡಬ್ಬದ ಸುತ್ತ ಕೋಳಿ ಬಾರದ ಹಾಗೆ ಮುಳ್ಳು ನೆಟ್ಟಳು. ಹಬ್ಬದ ದಿನ ಅದರ ಬುಡಕ್ಕೂ ಅರಿಶಿನ ಕುಂಕುಮ ಬೀಳುತ್ತಿತ್ತು.

ಮೊದಲ ಎರಡು ತಿಂಗಳು ಎಲ್ಲ ನಿಯಮದ ಪ್ರಕಾರ ಮಾಡಿದೆ. ಮೂರನೇ ತಿಂಗಳಿಗೆ ಬುದ್ಧಿ ತೋರಿಸಿದೆ. ನೆಲಮಂಗಲ ಮುಗಿಸಿ ಬಸ್ಸು ಹತ್ತಿದರೆ ದಾರಿಯಲ್ಲೇ ಮಾಕಳಿ. ಇಳಿದರೆ ಮುಂದಿನ ಬಸ್ಸಿಗೆ ಬಿಸಿಲಲ್ಲಿ ಕಾಯಬೇಕು, ಆ ಬಸ್ಸಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಹೀಗಾಗಿ ಆಕೆಗೇ ತುಂಬುವುದನ್ನು ಕಲಿಸಿಬಿಟ್ಟೆ. ‘ಡಬ್ಬದ್ದು ಬಾಟಲಿಗೆ ಹುಯ್ಯಿ, ಕುತ್ತಿಗೆ ತನಕ ತುಂಬಿರಬೇಕು. ಖಾಲಿ ಜಾಗ ಇದ್ರೆ ಗಾಳಿ ಸೇರಿ ಕೆಡುತ್ತೆ’ ಎಂದೆ. ಅದು ಪುಸ್ತಕದಲ್ಲಿದ್ದ ಮಾತೇ. ಮಳೆ ಕಮ್ಮಿಯಾದರೆ ಸಣ್ಣ ಬಾಟಲಿಗೆ ತುಂಬಬೇಕು ಅಂತಲೂ ಪುಸ್ತಕದಲ್ಲಿತ್ತು. ಸಣ್ಣ ಬಾಟಲಿಗಳು ಕಚೇರಿಯ ಬೀರುವಿನಲ್ಲಿದ್ದವು, ನಾನು ಒಯ್ಯಲಿಲ್ಲ.

ಅಲ್ಲಿಂದಾಚೆಗೆ ತಿಂಗಳ ಕೊನೆಯ ದಿನ ಬಸ್ಸು ಮಾಕಳಿಯಲ್ಲಿ ನಿಂತಾಗ ನಾನು ಕಿಟಕಿಯಿಂದ ಕೈ ಚಾಚುವುದು, ಆಕೆ ತುಂಬಿದ ಬಾಟಲಿ ಎತ್ತಿ ಕೊಡುವುದು, ಮುಂದಿನ ತಿಂಗಳಿಗೆ ನಾನು ಖಾಲಿ ಬಾಟಲಿ ಕೊಡುವುದು. ಕಂಡಕ್ಟರಿಗೂ ಅಭ್ಯಾಸವಾಗಿ, ‘ಗುರು, ನಿನ್ ತೀರ್ಥ ಬಂತು ನೋಡು’ ಎನ್ನುತ್ತಿದ್ದ. ಬಾವಿಯ ನೀರಿಗೂ ಕಾರ್ಖಾನೆಯ ನೀರಿಗೂ ಮೂರು ತಿಂಗಳಿಗೊಮ್ಮೆ ಇಳಿಯಲೇಬೇಕಿತ್ತು, ಇಳಿಯುತ್ತಿದ್ದೆ. ಮಳೆಗೆ ಮಾತ್ರ ಇಳಿಯಲಿಲ್ಲ. ಸೀಟಿನಲ್ಲಿ ಕೂತೇ ಬಾಟಲಿ ನೋಡಿ ಇಷ್ಟು ಮಿಲಿಮೀಟರ್ ಅಂತ ಅಂದಾಜಿಗೆ ಬರೆದು, ಕೆಳಗೆ ‘ಸ್ವತಃ ಅಳೆದು ತುಂಬಿದೆ’ ಎಂದು ಸಹಿ ಹಾಕುತ್ತಿದ್ದೆ. ಸಹಿ ಬಹಳ ಚೆನ್ನಾಗಿತ್ತು ನನ್ನದು.

ಬೇಸಿಗೆ ಬಂತು. ಕಾಡುಗೋಡಿಯ ಡಬ್ಬದಲ್ಲಿ ಧೂಳು, ಪೀಣ್ಯದಲ್ಲಿ ಧೂಳು, ನೆಲಮಂಗಲದಲ್ಲಿ ಒಂದು ಸತ್ತ ಚಿಟ್ಟೆ. ಮಾಕಳಿಯ ಬಾಟಲಿ ಮಾತ್ರ ಕುತ್ತಿಗೆ ತನಕ ತುಂಬಿ ಕಿಟಕಿಗೆ ಬಂತು. ಆಗಲಾದರೂ ಬಸ್ಸಿನಿಂದ ಕೆಳಗೆ ಹಾರಬೇಡವೇ ಮನುಷ್ಯ? ‘ಮಾಕಳಿಯ ಮೇಲೆ ಮಾತ್ರ ಒಂದು ಮೋಡ ಸುರಿದಿರಬೇಕು, ಬೆಂಗಳೂರು ಸುತ್ತಿನ ಮಳೆ ಹಾಗೇ ಅಲ್ಲವೇ’ ಎಂದುಕೊಂಡೆ. ನಿಜ ಹೇಳಬೇಕೆಂದರೆ ಅಷ್ಟು ಕೂಡ ಅಂದುಕೊಳ್ಳಲಿಲ್ಲ. ಬರೆದೆ, ಸಹಿ ಹಾಕಿದೆ, ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದೆ.

ವರ್ಷದ ಲೆಕ್ಕ ಬಂದ ದಿನ ಮೇಲಧಿಕಾರಿ ನನ್ನನ್ನು ಒಳಗೆ ಕರೆದರು. ಒಳ್ಳೆಯ ಮನುಷ್ಯರು. ಒಂದು ಲೋಟ ಕಾಫಿಯನ್ನು ಅರ್ಧ ಗಂಟೆ ಕುಡಿಯುತ್ತಿದ್ದರು, ಲೆಕ್ಕದ ವಿಷಯದಲ್ಲಿ ಮಾತ್ರ ಹೆತ್ತ ತಾಯಿಯನ್ನೂ ನಂಬುತ್ತಿರಲಿಲ್ಲ.

‘ಇದೇನ್ರೀ ಇದು? ಮಾಕಳಿ ಮಳೆಗೂ ಆ ಅಮ್ಮನ ಬಾವಿಗೂ ಒಂದೇ ರೀಡಿಂಗ್ ಬರ್ತಿದೆ? ಎಲ್ಲೂ ಮಳೆ ಬರದೆ ಇರೋ ತಿಂಗಳಲ್ಲಿ ನಿಮ್ ಮಾಕಳೀಲಿ ಮಳೆ! ಬಾಟಲಿ ತುಂಬಿದ್ದು ನೀವೇ ತಾನೆ?’

‘ನಾನೇ ಸಾರ್.’

‘ಹಾಗಾದ್ರೆ ಹೇಳಿ, ಹೇಗಾಯ್ತು? ಸೋಮವಾರ ಬೆಳಿಗ್ಗೆ ಬರೆದು ಕೊಡಿ. ತಾಲ್ಲೂಕು ಕಚೇರಿಯವರು ಮುಂದಿನ ವಾರವೇ ಕೇಸು ಎತ್ಕೊಳ್ತಿದ್ದಾರೆ.’ ಅವರ ಮೇಜಿನ ಮೇಲೆ ಇನ್ನೊಂದು ಕಡತವೂ ಇತ್ತು. ಹಂಗಾಮಿಗಳನ್ನು ಕಾಯಂ ಮಾಡುವ ಪಟ್ಟಿ ಅದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವರು ಬೈದದ್ದು ಮಳೆಗೆ ಸಂಬಂಧಿಸಿ, ನನ್ನ ಕಣ್ಣು ಹೋದದ್ದು ಆ ಪಟ್ಟಿಗೆ.

ಮರುದಿನ ಶನಿವಾರ ಮಾಕಳಿಯಲ್ಲಿ ಇಳಿದೆ. ಆಕೆ ಅಂಗಳದಲ್ಲಿ ಕನಕಾಂಬರ ಬಿಡಿಸುತ್ತಿದ್ದಳು. ‘ಓಹೋ, ಬಂದ್ರಾ! ಊರಿಗ್ ಬಂದೋಳು ನೀರಿಗ್ ಬರ್ದೆ ಇರ್ತಾಳಾ ಅಂತ ಕಾಯ್ತಿದ್ದೆ’ ಎಂದು ಗೇಲಿ ಮಾಡುತ್ತ ಮಣೆ ಹಾಕಿದಳು. ನಾನು ಮಣೆಯ ಮೇಲೆ ಕೂರಲಿಲ್ಲ. ಬೇಸಿಗೆಯಲ್ಲಿ ಬಾಟಲಿ ಹೇಗೆ ತುಂಬಿತು ಎಂದು ನಿಂತೇ ಕೇಳಿದೆ.

‘ಅಯ್ಯೋ, ಮಳೆ ಬರ್ನಿಲ್ಲ ಅಂತ ಖಾಲಿ ಬಾಟ್ಲಿ ಕೊಡಾಕಾಯ್ತದಾ ಮೇಷ್ಟ್ರೇ? ನೀವ್ ಬಸ್ನಾಗಿಂದ ಕೈ ಚಾಚ್ಕೊಂಡ್ ಕುಂತಿರ್ತೀರಿ, ನಾನ್ ಬರೀ ಬಾಟ್ಲಿ ಕೈಗ್ ಇಡ್ಲಾ? ಮನೆಗ್ ಬಂದ ಪಾತ್ರೇನ ಖಾಲಿ ಕಳಿಸಬಾರ್ದು. ಬಾವೀಲಿ ಸೇದಿ, ಬಟ್ಟೇಲಿ ಸೋಸಿ ಹುಯ್ದೆ. ಕುತ್ಗೆಗಂಟ ಇರ್ಬೇಕು ಅಂದಿದ್ರಲ್ಲ, ಕಮ್ಮಿ ಬಿದ್ದಾಗ್ಲೂ ಅಂಗೇ ತುಂಬುಸ್ದೆ.’

ಹೆಮ್ಮೆಯಿಂದ ಹೇಳಿದಳು. ಈ ಹೆಮ್ಮೆ ನನಗೆ ಗೊತ್ತಿಲ್ಲದ್ದೇ? ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮಮ್ಮ ಪಕ್ಕದ ಮನೆಯ ಡಬ್ಬಿಯನ್ನು ಎಂದಾದರೂ ಬರಿದಾಗಿ ಹಿಂತಿರುಗಿಸಿದ್ದುಂಟೇ? ಮನೆಯಲ್ಲಿ ಏನೂ ಇಲ್ಲದ ದಿನ ನಾಲ್ಕು ಒಣಮೆಣಸಿನಕಾಯಿ, ಅದೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ. ಬರಿ ಪಾತ್ರೆ ಕೊಟ್ಟರೆ ಎರಡು ಮನೆಗೂ ಒಳ್ಳೆಯದಲ್ಲ ಎಂದು ಕೇಳಿಕೊಂಡೇ ಬೆಳೆದವನು ನಾನು. ‘ಈ ಬಾಟಲಿ ಮಾತ್ರ ಹಾಗಲ್ಲಮ್ಮ, ಮಳೆ ಬರದಿದ್ದರೆ ಬರಿದೇ ಕೊಡು’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ವಿಜ್ಞಾನಿಗಳಿಗೆ ಆ ಪದ್ಧತಿ ಮರೆತುಹೋಗಬಹುದು, ನನಗೆ ಮರೆಯುವ ಹಕ್ಕಿರಲಿಲ್ಲ.

‘ಯಾವ ಯಾವ ತಿಂಗಳು ಹುಯ್ದೆ, ನೆನಪಿದೆಯಾ?’ ಎಂದೆ.

‘ಇಲ್ದೆ ಏನು? ಸಿವರಾತ್ರಿ ತಿಂಗ್ಳು ಪೂರ್ತಿ ಬಾವೀದೇ. ಯುಗಾದೀದೂ ಅಂಗೇ. ಕಾರು ಮಳೇಲಿ ಅರ್ಧ ಅದು, ಅರ್ಧ ಇದು. ಗೌರಿ ಹಬ್ಬದಾಗೆ, ಆಮೇಕೆ ದಸರಾದಾಗೆ ಡಬ್ಬನೇ ತುಂಬಿ ತುಳುಕ್ತು. ಅವೆರಡರಾಗೆ ನಾನ್ ಒಂದ್ ತೊಟ್ಟೂ ಆಕ್ಲಿಲ್ಲ.’ ಬೆರಳು ಮಡಚಿ ಮಡಚಿ ಹೇಳಿದಳು. ಆಮೇಲೆ ನನ್ನ ಮುಖ ನೋಡಿ, ‘ಯಾಕೆ, ಏನಾರ ತೊಂದ್ರೆ ಆಯ್ತಾ?’ ಎಂದಳು. ‘ಏನಿಲ್ಲಮ್ಮ’ ಎಂದು ರಸ್ತೆಗೆ ಬಂದೆ. ಆಕೆ ಹಿಂದಿನಿಂದ ಓಡಿ ಬಂದು ಒಂದು ಕಟ್ಟು ದಂಟಿನ ಸೊಪ್ಪು ಚೀಲಕ್ಕೆ ತುರುಕಿದಳು.

ಭಾನುವಾರವಿಡೀ ಕಾಗದ ಮುಂದಿಟ್ಟುಕೊಂಡು ಕೂತೆ. ನಾನೇ ತುಂಬಿದ ಮೊದಲ ಎರಡು ತಿಂಗಳ ಬಾಟಲಿಗಳು, ಗೌರಿ ಹಬ್ಬದ ಮತ್ತು ದಸರೆಯ ಬಾಟಲಿಗಳು ಶುದ್ಧ. ಬಾವಿಯದ್ದು, ಕಾರ್ಖಾನೆಯದ್ದು ನಾನೇ ಇಳಿದು ತಂದವು, ಅವೂ ಶುದ್ಧ. ಕಾರ್ಖಾನೆಯ ನೀರಿನಲ್ಲಿ ಮಳೆಯ ಗುರುತು ಇತ್ತು ಕೂಡ. ಲೆಕ್ಕದ ಹಾಳೆಯಲ್ಲಿ ನನ್ನ ಕಣ್ಣಾರೆ ನೋಡಿದ್ದೆ. ಪುರಾತನವೂ ಇಲ್ಲ, ಗಿರಾತನವೂ ಇಲ್ಲ. ಹಾಳಾದ ತಿಂಗಳುಗಳನ್ನು ಹೊಡೆದುಹಾಕಿ, ಉಳಿದದ್ದು ಸರಿಯಿದೆ ಎಂದು ಬರೆದರೆ ಆಕೆಯ ಬಾವಿಗೆ ಸಾಕ್ಷಿ ಸಿಕ್ಕಿತು. ಆದರೆ ಹಾಗೆ ಬರೆಯಬೇಕಾದರೆ, ಬಾಟಲಿ ತುಂಬಿದ್ದು ನಾನಲ್ಲ, ಮೂರನೇ ತಿಂಗಳಿಂದ ಹಾಕಿದ ಸಹಿಯೆಲ್ಲ ಸುಳ್ಳು ಎಂದು ಬರೆಯಬೇಕು. ಬರೆದೆ, ಹರಿದೆ. ಸಂಜೆ ಅಮ್ಮ ಆ ದಂಟಿನ ಸೊಪ್ಪಿನ ಮಸ್ಸೊಪ್ಪು ಮಾಡಿ ಬಡಿಸಿದಳು. ಅಪ್ಪ ಎಂದಿಲ್ಲದ ಖುಷಿಯಲ್ಲಿ, ‘ಪಟ್ಟೀಲಿ ನಿನ್ ಹೆಸರು ಇದೆಯಂತಲ್ಲೋ’ ಎಂದರು. ಎರಡು ಮುದ್ದೆ ತಿಂದೆ. 

ಸೋಮವಾರ ಕೊಟ್ಟ ಎರಡು ಸಾಲು ಇವು: ‘ಮಾಕಳಿಯ ಬಾಟಲಿಗಳ ಮುಚ್ಚಳ ಸಡಿಲವಾಗಿದ್ದು ಮಾದರಿಗಳು ಕೆಟ್ಟಿರುವ ಸಾಧ್ಯತೆ ಇದೆ. ಯಾವ ಯಾವುದು ಕೆಟ್ಟಿದೆ ಎಂದು ಹೇಳಲು ಬರುವುದಿಲ್ಲ.’

ಮೊದಲನೆಯದು ಹೇಡಿಯ ಸುಳ್ಳು, ಇರಲಿ. ಎರಡನೆಯದು ಕೊಲೆ. ಆಕೆ ಬೆರಳು ಮಡಚಿ ಹೇಳಿದ್ದಳಲ್ಲ!

ಮೇಲಧಿಕಾರಿ ಓದಿ, ಕಾಫಿ ಲೋಟ ಪಕ್ಕಕ್ಕಿಟ್ಟರು. ‘ಮಾಕಳೀದಕ್ಕೆಲ್ಲ ಒಂದೇ ಪೆಟ್ಟಿಗೆ ಮುಚ್ಚಳ ಅಲ್ವೇನ್ರೀ? ಬಾವೀದು, ಫ್ಯಾಕ್ಟರೀದು ಎಲ್ಲಾ?’

‘ಹೌದು ಸಾರ್.’

‘ಹಾಗಿದ್ರೆ ಮಾಕಳೀದು ಒಂದನ್ನೂ ನಂಬೋ ಹಾಗಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇನ್ನೊಮ್ಮೆ ಮಾದರಿ ತೆಗೆದು ಕಳಿಸಿದರೆ ಲೆಕ್ಕ ಬರಲು ಮತ್ತೊಂದು ವರ್ಷ. ತಾಲ್ಲೂಕು ಕಚೇರಿ ಕಾಯುವುದು ಒಂದು ವಾರ.

ಆ ವಾರವೇ ನಕ್ಷೆ ಬರೆದು ಮುಗಿಯಿತು. ಚೆನ್ನಾಗಿತ್ತು. ಬೆಂಗಳೂರಿನ ಸುತ್ತ ನೀಲಿ ಗೆರೆಗಳು ಬಳಸಿಕೊಂಡು ಹೋಗಿ, ಮಾಕಳಿಯ ಹತ್ತಿರ ಬಂದಾಗ ಕಡಿದುಹೋಗಿ, ಆಚೆ ಮತ್ತೆ ಶುರುವಾಗಿದ್ದವು. ನಡುವೆ ರೂಪಾಯಿಯಗಲ ಬಿಳಿ ಜಾಗ. ತಾಲ್ಲೂಕು ಕಚೇರಿಯಲ್ಲಿ ಕಾರ್ಖಾನೆಯ ಇಂಜಿನಿಯರು ಅದೇ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ‘ನೋಡಿ ಸಾರ್, ಸರ್ಕಾರದ ನಕ್ಷೆಯಲ್ಲೇ ಮಾಕಳಿಯಲ್ಲಿ ಏನೂ ಕಂಡುಬಂದಿಲ್ಲ’ ಎಂದರು. ಏನೂ ಅಳೆದಿಲ್ಲ ಎನ್ನುವುದಕ್ಕೂ ಏನೂ ಕಂಡುಬಂದಿಲ್ಲ ಎನ್ನುವುದಕ್ಕೂ ಇರುವ ವ್ಯತ್ಯಾಸ ಅಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಮೇಲಧಿಕಾರಿ ಎದ್ದು ಅದನ್ನು ಹೇಳಿದರು. ‘ಹಾಗಾದರೆ ನಿಮ್ಮ ಹತ್ತಿರ ಸಾಕ್ಷಿ ಇದೆಯೋ ಇಲ್ಲವೋ?’ ಎಂದರು ತಹಸೀಲ್ದಾರರು. ‘ಇಲ್ಲ’ ಎಂದು ಅವರು ಕೂತರು. ಇನ್ನೊಬ್ಬ ನಾನು, ಬಾಗಿಲ ಬಳಿ ನಕ್ಷೆಯ ಕೊಳವೆ ಹಿಡಿದು ನಿಂತಿದ್ದೆ. ಹಿಂದಿನ ಬೆಂಚಿನಲ್ಲಿ ಆಕೆಯೂ ಇದ್ದಳು. ನನ್ನನ್ನು ನೋಡಿ ಪರಿಚಯದ ನಗೆ ನಕ್ಕಳು. ಅರ್ಜಿ ಬಿದ್ದುಹೋಯಿತು.

ಆ ತಿಂಗಳೇ ನಾನು ಕಾಯಂ ಆದೆ. ಅಪ್ಪ ಕ್ವಾರ್ಟರ್ಸಿಗೆಲ್ಲ ಮೈಸೂರುಪಾಕು ಹಂಚಿದರು. ಹಂಚಲು ತೆಗೆದುಕೊಂಡು ಹೋದ ಡಬ್ಬಿಗಳೆಲ್ಲ ಏನಾದರೊಂದು ತುಂಬಿಕೊಂಡೇ ವಾಪಸ್ ಬಂದವು.

ಮುಂದಿನ ಬೇಸಿಗೆಗೆ ಯೋಜನೆ ಮುಗಿದು, ಡಬ್ಬಗಳನ್ನು ಕಿತ್ತು ತರಲು ನನ್ನನ್ನೇ ಕಳಿಸಿದರು. ಮಾಕಳಿಗೆ ಹೋದಾಗ ಆಕೆ ಮನೆಯಲ್ಲಿರಲಿಲ್ಲ. ಕಾರ್ಖಾನೆಯ ಗೇಟಿನ ಪಕ್ಕ ಊರವರಿಗೆಂದು ಧರ್ಮಕ್ಕೆ ಒಂದು ನಲ್ಲಿ ಹಾಕಿಸಿದ್ದರು, ಅಲ್ಲಿ ಸಾಲಿನಲ್ಲಿದ್ದಳು. ನಾನು ಹಿತ್ತಲಿಗೆ ಹೋಗಿ ಬಾವಿಗೆ ಬಗ್ಗಿ ನೋಡಿದೆ. ತಳದಲ್ಲಿ ಕಲ್ಲು, ಒಂದು ಮುರಿದ ಬಿಂದಿಗೆ. ಸೊಪ್ಪಿನ ಮಡಿಯಲ್ಲಿ ಕಾಂಗ್ರೆಸ್ ಗಿಡ ಎದ್ದಿತ್ತು.

ಆಕೆ ಬಂದು ಕೊಡ ಇಳಿಸಿದಳು. ಸೊರಗಿದ್ದಳು. ಡಬ್ಬ ಕೀಳಲು ತಾನೇ ಹಾರೆ ತಂದುಕೊಟ್ಟಳು. ಕಿತ್ತು ಮುಗಿಯುವವರೆಗೆ ಜಗುಲಿಯಲ್ಲಿ ಕೂತಿದ್ದು, ಆಮೇಲೆ ಕೇಳಿದಳು.

‘ಮೇಷ್ಟ್ರೇ, ನಕ್ಸೇಲಿ ನಮ್ಮೂರ್ ಯಾಕ್ ಬರ್ನಿಲ್ಲ? ಬಾಟ್ಲಿ ಸಾಕ್ಷಿ ಏಳ್ತದೆ ಅಂದಿದ್ರಲ್ಲ.’

ಈಗಲಾದರೂ ಹೇಳಬಹುದಿತ್ತು. ಕಾಯಂ ಆಗಿತ್ತು, ಯಾರೂ ಏನೂ ಕಿತ್ತುಕೊಳ್ಳುವ ಹಾಗಿರಲಿಲ್ಲ. ‘ಮಳೆ ಬಾಟಲಿಯಲ್ಲಿ ಬಾವಿ ನೀರು ಬೆರೆತಿತ್ತಮ್ಮ’ ಎಂದೆ. ಅಷ್ಟೇ ಹೇಳಿದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಆಕೆ ತನ್ನ ಅಂಗೈ ನೋಡಿಕೊಂಡಳು. ‘ಅಂಗಾರೆ ನನ್ ಕೈಯಿಂದ್ಲೇ ಕೆಟ್ತಾ?’

ತಲೆಯಾಡಿಸಿದೆ. ಥೂ, ಹೌದೆಂದು ತಲೆಯಾಡಿಸಿದೆ.

‘ತಪ್ಪಾಯ್ತು ಮೇಷ್ಟ್ರೇ’ ಎಂದಳು. ‘ನಿಮ್ ಕೆಲ್ಸಕ್ಕೇನಾರ ತೊಂದ್ರೆ ಆಯ್ತಾ ನನ್ನಿಂದ?’

‘ಇಲ್ಲಮ್ಮ. ಕಾಯಂ ಆಯ್ತು.’

‘ಅಷ್ಟಾದ್ರೂ ಆಯ್ತಲ್ಲ’ ಎಂದು ಎದ್ದು ಒಳಗೆ ಹೋದಳು. ಕೊನೆಯ ಬಾಟಲಿ ಆಕೆಯ ಬಳಿಯೇ ಉಳಿದಿತ್ತು, ಅದನ್ನು ತಂದಳು. ಮುಚ್ಚಳ ತೆಗೆದು, ಸೆರಗಿನ ತುದಿ ಒಳಗೆ ತೂರಿಸಿ ಒರೆಸಿದಳು. ನನ್ನ ಎದುರಿಗೆ ಅದನ್ನು ಬೋರಲು ಹಿಡಿದು ಕೊಡವಿದಳು. ಆಮೇಲೆ ಎರಡು ಕೈಯಲ್ಲೂ ಹಿಡಿದು ಕೊಟ್ಟಳು.

‘ಖಾಲಿ ಐತೆ, ನೋಡ್ಕಳಿ’ ಎಂದಳು. ‘ಏನೂ ಆಕಿಲ್ಲ.’

ನಾನು ಬಾಟಲಿಯನ್ನು ಕಣ್ಣಿನ ಹತ್ತಿರ ಹಿಡಿದು ಒಳಗೆ ನೋಡಿದೆ. ಏನೂ ಇರಲಿಲ್ಲ.